ಶೆಫೀಲ್ಡ್‌ನ ಮನೆ, ಅದರ ಒದ್ದೆ ಗೋಡೆ

ಹೊಸ ದೇಶಕ್ಕೆ ಬಂದು ಹಳೇ ಮನೆ ಕೊಳ್ಳುವವರಿಗೆ ನಾನು ಹೇಳುವ ಮಾತು ಒಂದೇ. ಮೊದಲ ಚಳಿಗಾಲ ಕಳೆಯುವ ತನಕ ಗೋಡೆಗೆ ಕೈ ಹಚ್ಚಬೇಡಿ. ಕರೆಂಟು, ಗ್ಯಾಸು, ಸೋರುವ ಸೂರು ಇವು ಕಾಯುವುದಿಲ್ಲ, ಕೂಡಲೇ ಮಾಡಿಸಲೇಬೇಕು. ಬಣ್ಣ ಕಾಯುತ್ತದೆ, ಅಡುಗೆಮನೆಯ ಕಪಾಟು ಕಾಯುತ್ತದೆ, ಬಚ್ಚಲಿನ ಟೈಲ್ಸು ಕಾಯುತ್ತದೆ. ಮಳೆ ಯಾವ ಕಡೆಯಿಂದ ಬಡಿಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯಿಂದ ಮುಗ್ಗಲು ವಾಸನೆ ಬರುತ್ತದೆ ಎಂದು ಒಂದು ಸುತ್ತು ಕಣ್ಣಾರೆ ನೋಡದೆ ಒಡೆಯಲು ಹೊರಟರೆ ಬೇರೆಯವರ ಅವಸರಕ್ಕೆ ನಮ್ಮ ದುಡ್ಡು ಹೋಗುತ್ತದೆ.

ನಾವು 2018ರಲ್ಲಿ ಇಂಗ್ಲೆಂಡಿಗೆ ಬಂದವರು. ನಾನು ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ನನ್ನ ಗಂಡ ಸಾಫ್ಟ್‌ವೇರ್‌ನಲ್ಲಿದ್ದಾರೆ. ಕೆಲವು ವರ್ಷ ಬಾಡಿಗೆ ಫ್ಲ್ಯಾಟಿನಲ್ಲಿದ್ದು, 2022ರ ಅಕ್ಟೋಬರಿನಲ್ಲಿ ಶೆಫೀಲ್ಡ್‌ನ ವಾಕ್ಲಿಯಲ್ಲಿ ಈ ಮನೆ ಕೊಂಡೆವು. ವಾಕ್ಲಿ ಎಂದರೆ ಇಳಿಜಾರು. ಬೀದಿಯ ಮೇಲ್ತುದಿಯ ಮನೆಯ ಬಾಗಿಲು ಕೆಳತುದಿಯ ಮನೆಯ ಚಿಮಣಿಗಿಂತ ಎತ್ತರದಲ್ಲಿರುತ್ತದೆ. ಉಕ್ಕಿನ ಕಾರ್ಖಾನೆಗಳ ಕಾಲದಲ್ಲಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಮನೆಗಳು ಇವು, ಒಂದಕ್ಕೊಂದು ಅಂಟಿಕೊಂಡಿವೆ. ಎರಡು ಮನೆಗಳ ಮಧ್ಯೆ ಹಿತ್ತಲಿಗೆ ಹೋಗುವ ಒಂದು ಕಿರಿದಾದ ಓಣಿ ಇರುತ್ತದೆ, ಅದನ್ನು ಇಲ್ಲಿನವರು ಜೆನೆಲ್ ಎನ್ನುತ್ತಾರೆ. ಕೆಳಗೆ ಕಲ್ಲಿದ್ದಲು ಸುರಿಯುತ್ತಿದ್ದ ನೆಲಮಾಳಿಗೆ, ಮೇಲೆ ಅಟ್ಟದ ಕೋಣೆ. ನಮ್ಮದು 1890ರ ದಶಕದ ಮನೆ. ಶೆಫೀಲ್ಡ್‌ನ ಹಲವು ಹಳೇ ಮನೆಗಳಂತೆ ಇದೂ 800 ವರ್ಷದ ಲೀಸಿನದು. ಇನ್ನೂ 600ಕ್ಕೂ ಹೆಚ್ಚು ವರ್ಷ ಬಾಕಿ ಇದೆ, ನೆಲಬಾಡಿಗೆ ವರ್ಷಕ್ಕೆ ಕೆಲವೇ ಪೌಂಡ್. ಲೀಸ್ ಎಂಬ ಮಾತು ಕೇಳಿ ನನಗೆ ದಿಗಿಲಾಗಿತ್ತು. ವಕೀಲೆ ಕಾಗದಪತ್ರ ಮುಂದಿಟ್ಟು, ಬಾಡಿಗೆ ಎಷ್ಟು ಏರಬಹುದು, ಗೋಡೆ ಒಡೆಯಲು ಯಾರ ಅನುಮತಿ ಬೇಕು ಎಂದು ಸಾಲು ಸಾಲಾಗಿ ಓದಿ ಹೇಳಿದ ಮೇಲೆ ಸಮಾಧಾನವಾಯಿತು.

ಕೊಳ್ಳುವ ಹಂತದಲ್ಲಿ ಹೊರಗಿನಿಂದ ಬಂದವರಿಗೆ ಗೊತ್ತಿರಬೇಕಾದ ಎರಡು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. 2021ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ಅನಿವಾಸಿಗಳಿಗೆ ಸ್ಟ್ಯಾಂಪ್ ಡ್ಯೂಟಿಯ ಜೊತೆಗೆ ಮನೆಯ ಬೆಲೆಯ 2% ಹೆಚ್ಚುವರಿ ಇದೆ. ಕೊಳ್ಳುವುದಕ್ಕೆ ಹಿಂದಿನ ಒಂದು ವರ್ಷದಲ್ಲಿ 183 ದಿನ ಈ ದೇಶದಲ್ಲಿದ್ದವರಿಗೆ ಅದು ತಗಲುವುದಿಲ್ಲ. ಬಂದ ಹೊಸದರಲ್ಲೇ ಕೊಂಡು ಅದನ್ನು ಕಟ್ಟಿದವರು ಆಮೇಲೆ ಅಷ್ಟು ದಿನ ಇಲ್ಲೇ ಉಳಿದರೆ ವಾಪಸು ಕೇಳಬಹುದು. ಇನ್ನೊಂದು, ಬ್ಯಾಂಕಿನವರು ಸಾಲಕ್ಕಾಗಿ ಮಾಡಿಸುವ ಬೆಲೆ ಅಂದಾಜನ್ನು ಮನೆಯ ತಪಾಸಣೆ ಎಂದು ತಿಳಿಯಬಾರದು. ಅದು ಬ್ಯಾಂಕಿನ ದುಡ್ಡು ಮುಳುಗದಿರಲಿ ಎಂದು ನೋಡುವುದು ಅಷ್ಟೇ. ನೂರು ವರ್ಷ ದಾಟಿದ ಮನೆಗೆ ಲೆವೆಲ್ 3 ಸರ್ವೆ ಎಂಬ ಅತಿ ವಿವರವಾದ ತಪಾಸಣೆ ಬೇಕು, ಅದನ್ನು ನಾವೇ ಖರ್ಚು ಹಾಕಿ ಮಾಡಿಸಬೇಕು. ನಮ್ಮ ಸರ್ವೇಯರ್ ಅಟ್ಟ ಹತ್ತಿ, ನೆಲಮಾಳಿಗೆ ಇಳಿದು, ದಪ್ಪನೆಯ ವರದಿ ಕೊಟ್ಟರು. ಅದರಲ್ಲಿ ‘ಕೆಳಮಹಡಿಯ ಗೋಡೆಯಲ್ಲಿ ತೇವ ಹೆಚ್ಚಿದೆ, ಪರಿಣತರಿಂದ ಪರೀಕ್ಷಿಸಿ’ ಎಂಬ ಒಂದು ಸಾಲಿತ್ತು. ಆಮೇಲಿನದೆಲ್ಲ ಆ ಸಾಲಿನಿಂದ ಹುಟ್ಟಿದ್ದು.

ತುರ್ತಿನ ಕೆಲಸಗಳು ಬೇಗ ಮುಗಿದವು. ಮೆಟ್ಟಿಲ ಕೆಳಗೆ ತಂತಿ ಸುತ್ತಿದ ಹಳೇ ಫ್ಯೂಸ್ ಪೆಟ್ಟಿಗೆ ಇತ್ತು. ನೋಂದಾಯಿತ ಎಲೆಕ್ಟ್ರಿಷಿಯನ್ ಬಂದು ಹೊಸದು ಕೂರಿಸಿ, ಕಟ್ಟಡ ನಿಯಮದ ಪಾರ್ಟ್ ಪಿ ಎಂಬ ವಿದ್ಯುತ್ ಸುರಕ್ಷತೆಯ ಭಾಗದ ಪ್ರಕಾರ ಸರ್ಟಿಫಿಕೇಟ್ ಕೊಟ್ಟರು. ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಮೊದಲು ಕೇಳುವುದೇ ಇಂಥ ಕಾಗದಗಳನ್ನು. ಬಾಯ್ಲರ್‌ಗೆ ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇದ್ದವರೇ ಬೇಕು, ಅವರ ಗುರುತಿನ ಚೀಟಿಯ ಹಿಂಬದಿಯಲ್ಲಿ ಯಾವ ಯಾವ ಕೆಲಸಕ್ಕೆ ಅರ್ಹರು ಎಂದು ಬರೆದಿರುತ್ತದೆ, ತಿರುಗಿಸಿ ನೋಡಿ. ಮಹಡಿಯ ಕೋಣೆಯ ಸೂರಿಗೆ ಉಬ್ಬುತಗ್ಗಿನ ಆರ್ಟೆಕ್ಸ್ ಎಂಬ ಲೇಪ ಬಳಿದಿದ್ದರು, ಹಳೆಯದಾದರೆ ಅದರಲ್ಲಿ ಆಸ್ಬೆಸ್ಟಾಸ್ ಬೆರೆತಿರಬಹುದು. ಈ ದೇಶದಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅದಕ್ಕೆ ಮುಂಚಿನ ಆರ್ಟೆಕ್ಸನ್ನು ಪರೀಕ್ಷೆ ಮಾಡಿಸದೆ ಉಜ್ಜುವುದಾಗಲಿ ಕೆರೆಯುವುದಾಗಲಿ ಕೂಡದು. ಚಿಟಿಕೆಯಷ್ಟು ಮಾದರಿ ಕಳಿಸಿದೆವು, ಬಿಳಿ ಆಸ್ಬೆಸ್ಟಾಸ್ ಇದೆ ಎಂದು ಬಂತು. ಅದನ್ನು ಕೆದಕದೆ, ಗೊತ್ತಿದ್ದವರನ್ನೇ ಕರೆಸಿ, ಕೆಳಗಿನಿಂದ ಹೊಸ ಬೋರ್ಡು ಮುಚ್ಚಿಸಿ, ಎಲ್ಲಿದೆ ಎಂದು ಮನೆಯ ಕಡತದಲ್ಲಿ ಬರೆದಿಟ್ಟೆವು.

ಇನ್ನು ಗೋಡೆ.

ಓಣಿಯ ಕಡೆಯ ಗೋಡೆ, ಕೋಣೆಯ ಒಳಗೆ ಮೊಣಕಾಲಿನಿಂದ ಸೊಂಟದವರೆಗೆ ಕಪ್ಪಗಾಗಿತ್ತು. ಬಣ್ಣ ಗುಳ್ಳೆ ಎದ್ದು, ಉಗುರು ತಾಕಿಸಿದರೆ ಹಪ್ಪಳಿಕೆಯಾಗಿ ಬರುತ್ತಿತ್ತು. ಅದರ ಹಿಂದೆ ಬೆಳ್ಳನೆಯ ಉಪ್ಪು. ತೇವ ನಿವಾರಿಸುವ ಒಂದು ಕಂಪನಿಯವರು ಪುಕ್ಕಟೆ ತಪಾಸಣೆಗೆ ಬಂದರು. ಸೂಟು ತೊಟ್ಟ ಯುವಕ, ಬಹಳ ಮರ್ಯಾದಸ್ಥ. ಎರಡು ಮೊಳೆಯ ಮೀಟರನ್ನು ಗಿಲಾವಿಗೆ ಒತ್ತಿದ, ಅದು ಕಿರ್ರೆಂದಿತು, ಅಂಕಿ ಮೇಲಕ್ಕೆ ಓಡಿತು. ನೆಲದಿಂದ ನೀರು ಏರುತ್ತಿದೆ ಎಂದ. ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬಬೇಕು, ಒಳಗಿನ ಗಿಲಾವು ತೆಗೆದು ನೀರು ಬಿಡದ ಸಿಮೆಂಟ್ ಗಿಲಾವು ಹಾಕಬೇಕು, 4,200 ಪೌಂಡು, ಅದರ ಮೇಲೆ 20% ವ್ಯಾಟ್. ಆ ತಿಂಗಳೇ ಒಪ್ಪಿಕೊಂಡರೆ ರಿಯಾಯಿತಿ.

ಅವನು ಹೋದ ಮೇಲೆ ಇವರು, “ಮಾಡಿಸಿಬಿಡೋಣ ಕಣೇ, ಗ್ಯಾರಂಟಿ ಬೇರೆ ಕೊಡ್ತಾರೆ. ನಮಗೇನು ಗೊತ್ತು ಇಲ್ಲಿನ ಮನೆ ಕತೆ” ಎಂದರು.

“ಗೋಡೆ ಯಾಕೆ ಒದ್ದೆ ಅಂತ ಅವನು ಸರಿಯಾಗಿ ಹುಡುಕಲೇ ಇಲ್ಲವಲ್ಲ ರೀ. ಹೊರಗಡೆ ಹೋಗಿ ಒಂದು ಸಲ ನೋಡಲೂ ಇಲ್ಲ. ಅದು ಗೊತ್ತಾಗುವವರೆಗೆ ಒಂದು ಪೌಂಡೂ ಬೇಡ” ಎಂದೆ.

‘ನಮಗೇನು ಗೊತ್ತು’ ಎಂಬ ಇವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹೊಸ ದೇಶದಲ್ಲಿ ನಮ್ಮ ನಿಜವಾದ ಕಷ್ಟ ಅದೇ. ಸಲಹೆ ಕೇಳಲು ಅಣ್ಣನಿಲ್ಲ, ಮಾವನಿಲ್ಲ, ಇಪ್ಪತ್ತು ವರ್ಷದಿಂದ ಪರಿಚಯವಿರುವ ಮೇಸ್ತ್ರಿ ಇಲ್ಲ. ಮೊದಲು ಬಾಗಿಲು ತಟ್ಟಿದವರ ಮಾತೇ ವೇದವಾಗುತ್ತದೆ. ಆದರೆ ತೇವ ಅಳೆಯುವುದು ನನ್ನ ಕಸುಬಿಗೆ ಹತ್ತಿರದ ಕೆಲಸ. ಆ ಎರಡು ಮೊಳೆಯ ಮೀಟರ್ ಅಳೆಯುವುದು ನೀರನ್ನಲ್ಲ, ಮೊಳೆಗಳ ಮಧ್ಯೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಅದನ್ನು ಮರಕ್ಕೆ ಹೊಂದಿಸಿರುತ್ತಾರೆ. ಮರದಲ್ಲಿ ಅದರ ಅಂಕಿ ನಂಬಬಹುದು, 20% ದಾಟಿದರೆ ಕುಂಬಾಗುವ ಭಯ ಇದೆ ಎಂದೂ ಹೇಳಬಹುದು. ಗಿಲಾವಿನಲ್ಲಿ ಉಪ್ಪಿದ್ದರೆ ಸ್ವಲ್ಪ ತೇವಕ್ಕೇ ಅದು ಕಿರುಚುತ್ತದೆ, ಹಾಗಾಗಿ ಅಲ್ಲಿ ಆ ಅಂಕಿಯಿಂದ ನೀರಿನ ಪ್ರಮಾಣ ತಿಳಿಯುವುದಿಲ್ಲ.

ಹಾಗಾಗಿ ತೂಕದ ದಾರಿ ಹಿಡಿದೆ. ಗೋಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಬೇರೆ ಬೇರೆ ಎತ್ತರದಲ್ಲಿ ಸಣ್ಣ ತೂತು ಕೊರೆದೆ. ಡ್ರಿಲ್ಲನ್ನು ತೀರಾ ನಿಧಾನವಾಗಿ ತಿರುಗಿಸಬೇಕು, ಬಿಸಿಯಾದರೆ ಇರುವ ತೇವವೂ ಆರಿಹೋಗುತ್ತದೆ. ಗಿಲಾವಿನ ಪುಡಿ ಬೇರೆ, ಒಳಗಿನ ಇಟ್ಟಿಗೆಯ ಪುಡಿ ಬೇರೆ, ಬಿದ್ದ ತಕ್ಷಣ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರ ಬರೆದು, ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ ತೂಗಿದೆ. ಆಮೇಲೆ ಓವನ್‌ನಲ್ಲಿ ಇಟ್ಟಿಗೆಯ ಪುಡಿಯನ್ನು 105 ಡಿಗ್ರಿಯಲ್ಲಿ, ಜಿಪ್ಸಂ ಇರುವ ಗಿಲಾವಿನ ಪುಡಿಯನ್ನು 40 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಿದೆ. ಕಳೆದುಹೋದ ತೂಕವೇ ನೀರು. ಇಷ್ಟಕ್ಕೇ ಬಿಡದೆ, ಒಣಗಿದ ಪುಡಿಯನ್ನು ಮುಚ್ಚಿದ ಡಬ್ಬಿಯಲ್ಲಿ, ಅಡುಗೆ ಉಪ್ಪು ಕರಗಲಾರದಷ್ಟು ಬೆರೆಸಿದ ನೀರಿನ ಪಕ್ಕದಲ್ಲಿಟ್ಟೆ. ಅಂಥ ಉಪ್ಪುನೀರು ಡಬ್ಬಿಯೊಳಗಿನ ಗಾಳಿಯ ಆರ್ದ್ರತೆಯನ್ನು 75%ಕ್ಕೆ ನಿಲ್ಲಿಸುತ್ತದೆ. ಪುಡಿಯಲ್ಲಿ ಲವಣವಿದ್ದರೆ ಗಾಳಿಯಿಂದಲೇ ನೀರು ಹೀರಿ ತೂಕ ಏರುತ್ತದೆ.

ಬಂದ ಅಂಕಿಗಳನ್ನು ಕಾಗದದ ಮೇಲೆ ಗೋಡೆಯ ಚಿತ್ರ ಬರೆದು ತುಂಬಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ನೆಲದಿಂದ ನೀರು ಏರುತ್ತಿದ್ದರೆ ಬುಡದಲ್ಲಿ ಅತಿ ಒದ್ದೆ, ಮೇಲೆ ಹೋದಂತೆ ಕಡಿಮೆ ಆಗಬೇಕಿತ್ತು. ಇಲ್ಲಿ ಹಾಗಿರಲಿಲ್ಲ. ಗಿಲಾವಿನ ಪುಡಿ ಡಬ್ಬಿಯಲ್ಲಿ ನೀರು ಕುಡಿದು ಭಾರವಾಗಿತ್ತು, ಅಂದರೆ ಉಪ್ಪು ತುಂಬಿದೆ. ಒಳಗಿನ ಇಟ್ಟಿಗೆ ಹಲವು ಕಡೆ ಹೆಚ್ಚುಕಡಿಮೆ ಒಣಗಿಯೇ ಇತ್ತು. ನಿಜವಾಗಿ ಒದ್ದೆಯಾಗಿದ್ದದ್ದು ಎರಡು ಜಾಗ: ಹೊರಗಿನ ಓಣಿಯ ಕಾಂಕ್ರೀಟು ಗೋಡೆಗೆ ತಾಗುವ ಎತ್ತರ, ಮತ್ತು ಮಳೆನೀರಿನ ಕೊಳವೆ ಇಳಿಯುವ ಮೂಲೆ.

ಹೊರಗೆ ಹೋಗಿ ನೋಡಿದರೆ ಎಲ್ಲವೂ ಕಣ್ಣಿಗೆ ಕಾಣುವಂತೆಯೇ ಇತ್ತು. ಈ ಕಾಲದ ಗೋಡೆಗಳಲ್ಲಿ ಬುಡದ ಹತ್ತಿರ ಇಟ್ಟಿಗೆಯ ವರಸೆಗಳ ನಡುವೆ ಸ್ಲೇಟಿನ ತೆಳು ಪದರ ಇಟ್ಟಿರುತ್ತಾರೆ, ನೆಲದ ನೀರು ಅದನ್ನು ದಾಟಬಾರದೆಂದು. ಹೊರಗಿನ ನೆಲ ಆ ಸ್ಲೇಟಿಗಿಂತ ಕನಿಷ್ಠ 150 ಮಿಲಿಮೀಟರ್, ಅಂದರೆ ಎರಡು ವರಸೆ ಇಟ್ಟಿಗೆಯಷ್ಟು ಕೆಳಗಿರಬೇಕು. ನಮ್ಮ ಓಣಿಯಲ್ಲಿ ಯಾವುದೋ ಕಾಲದಲ್ಲಿ ಕಲ್ಲುಹಾಸಿನ ಮೇಲೆ ಕಾಂಕ್ರೀಟು ಸುರಿದಿದ್ದರು. ಸ್ಲೇಟು ಅದರ ಕೆಳಗೆ ಹೂತುಹೋಗಿತ್ತು. ನೆಲಮಾಳಿಗೆಗೆ ಗಾಳಿ ಹೋಗುವ ಕಬ್ಬಿಣದ ಜಾಲರಿಯೂ ಅರ್ಧ ಹೂತಿತ್ತು, ಒಳಗೆ ಮರದ ತೊಲೆಗಳ ತುದಿ ಮೆತ್ತಗಾಗುವ ಹಂತದಲ್ಲಿದ್ದವು. ಮಳೆ ಬಂದಾಗ ಕಾಂಕ್ರೀಟಿನ ಮೇಲಿನ ನೀರು ಗೋಡೆಯ ಕಡೆಗೇ ಹರಿಯುತ್ತಿತ್ತು. ಮೇಲೆ ಸೂರಂಚಿನಲ್ಲಿ ಮಳೆನೀರು ಹಿಡಿಯುವ ದೋಣಿಯ ಒಂದು ಕೂಡುಗಂಟು ಬಿಟ್ಟಿತ್ತು. ಡಿಸೆಂಬರಿನ ಒಂದು ಜೋರು ಮಳೆಯಲ್ಲಿ ಟಾರ್ಚು ಹಿಡಿದು ನಿಂತಾಗ, ನೀರು ಕೊಳವೆಯೊಳಗೆ ಹೋಗದೆ ಅದರ ಬೆನ್ನಿಗುಂಟ ಇಳಿದು ಗೋಡೆ ಸೇರುವುದು ಕಂಡಿತು. ಬೇಸಿಗೆಯಲ್ಲಿ ಕೊಂಡಿದ್ದರೆ, ಬೇಸಿಗೆಯಲ್ಲೇ ಕೆಲಸ ಮುಗಿಸಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಸಂಗತಿ ಇಟ್ಟಿಗೆಗಳ ನಡುವಿನ ಸಂದುಗಳದು. ಇದು ಒಂಬತ್ತಿಂಚಿನ ಘನ ಗೋಡೆ. ಈಗಿನಂತೆ ಎರಡು ಪದರ ಕಟ್ಟಿ ನಡುವೆ ಟೊಳ್ಳು ಬಿಟ್ಟದ್ದಲ್ಲ. ಗುರುತಿಸುವುದು ಸುಲಭ. ಹೊರಗಿನಿಂದ ನೋಡಿದಾಗ ಕೆಲವು ವರಸೆಗೊಮ್ಮೆ ಇಟ್ಟಿಗೆಯ ಉದ್ದ ಕಾಣದೆ ತಲೆಭಾಗ ಮಾತ್ರ ಕಂಡರೆ, ಆ ಇಟ್ಟಿಗೆ ಗೋಡೆಯ ಅಡ್ಡಕ್ಕೆ ಮಲಗಿದೆ ಎಂದರ್ಥ, ಗೋಡೆ ಘನ. ಇಂಥ ಗೋಡೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟುತ್ತಿದ್ದರು. ಮಳೆ ಬಿದ್ದಾಗ ಗೋಡೆ ಸ್ವಲ್ಪ ನೀರು ಹೀರುತ್ತದೆ, ಗಾಳಿ ಬಿಸಿಲು ಬಂದಾಗ ಮೆತ್ತನೆಯ ಸುಣ್ಣದ ಸಂದುಗಳ ಮೂಲಕ ಅದೇ ನೀರು ಹೊರಗೆ ಹೋಗುತ್ತದೆ. ನೂರು ವರ್ಷ ಈ ಲೆಕ್ಕ ಸರಿಯಾಗಿಯೇ ನಡೆದಿತ್ತು. ನಮಗಿಂತ ಮುಂಚೆ ಯಾರೋ ಆ ಸಂದುಗಳನ್ನು ಕೆರೆದು ಗಟ್ಟಿ ಸಿಮೆಂಟ್ ತುಂಬಿದ್ದರು. ಬೆವರಿದ ಮೈಮೇಲೆ ಪ್ಲಾಸ್ಟಿಕ್ ಕೋಟು ಹಾಕಿದಂತಾಯಿತು. ಸಂದಿನಿಂದ ಹೊರಹೋಗಲಾರದ ನೀರು ಇಟ್ಟಿಗೆಯ ಮೂಲಕವೇ ಹೋಗಬೇಕು, ಹೋಗುವ ಮುನ್ನ ಚಳಿಗೆ ಹೆಪ್ಪುಗಟ್ಟಿ ಹಿಗ್ಗಬೇಕು, ಇಟ್ಟಿಗೆಯ ಮುಖ ಸಿಡಿಯಬೇಕು. ನಮ್ಮ ಗೋಡೆಯಲ್ಲಿ ಎಷ್ಟೋ ಇಟ್ಟಿಗೆಗಳ ಮುಖ ಹೀಗೆ ಉದುರಿ, ಸಿಮೆಂಟಿನ ಗೆರೆಗಳು ಮಾತ್ರ ಚೌಕಟ್ಟಿನ ಹಾಗೆ ಎದ್ದು ನಿಂತಿದ್ದವು. ಸಿಮೆಂಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ 1824ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್‌ಡಿನ್ ಇಲ್ಲೇ ಪಕ್ಕದ ಲೀಡ್ಸಿನವನು, ಗಾರೆಕೆಲಸದವನೇ. ಗಟ್ಟಿ ಇಟ್ಟಿಗೆ, ಟೊಳ್ಳುಗೋಡೆ, ಸೇತುವೆಗೆ ಅದು ಸರಿ. ಇಟ್ಟಿಗೆಗಿಂತ ಸಂದು ಗಟ್ಟಿಯಾಗಿರಬಾರದು ಎಂಬುದಷ್ಟೇ ಮಾತು.

ಇದನ್ನೆಲ್ಲ ನಾನು ಕಲಿತದ್ದು ಬಹುಪಾಲು ‘ಸೊಸೈಟಿ ಫಾರ್ ದಿ ಪ್ರೊಟೆಕ್ಷನ್ ಆಫ್ ಏನ್ಷಿಯೆಂಟ್ ಬಿಲ್ಡಿಂಗ್ಸ್’ ಎಂಬ ಸಂಸ್ಥೆಯ ಬರಹಗಳಿಂದ. ಹಳೇ ಕಟ್ಟಡಗಳನ್ನು ‘ಸುಧಾರಿಸುವ’ ಹೆಸರಿನಲ್ಲಿ ಹಾಳುಮಾಡುವುದನ್ನು ತಡೆಯಬೇಕೆಂದು ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಕಟ್ಟಿದ ಸಂಘ ಅದು. ಮಾರಿಸ್‌ಗೆ ಗುರುವಿನಂತಿದ್ದ ಕಲಾವಿಮರ್ಶಕ ಜಾನ್ ರಸ್ಕಿನ್ ಅದಕ್ಕೆ ಎರಡು ವರ್ಷ ಮುಂಚೆ, 1875ರಲ್ಲಿ, ಇದೇ ವಾಕ್ಲಿಯಲ್ಲಿ ಕಾರ್ಖಾನೆ ಕೆಲಸಗಾರರಿಗಾಗಿ ಒಂದು ಪುಟ್ಟ ವಸ್ತುಸಂಗ್ರಹಾಲಯ ತೆರೆದಿದ್ದ. ಕೈಕೆಲಸ ಮಾಡುವವರ ಕಣ್ಣಿಗೆ ಚೆಂದದ ವಸ್ತು ಬೀಳಲಿ ಎಂದು. ನಾವು ದಿನಾ ಬಸ್ಸು ಹತ್ತುವ ಬಡಾವಣೆಗೆ ಇಂಥ ಚರಿತ್ರೆ ಇದೆ ಎಂದು ಗೊತ್ತಾದದ್ದು ಈ ಗೋಡೆಯ ದೆಸೆಯಿಂದ. ಊರು ನನ್ನದೆನ್ನಿಸಲು ಶುರುವಾದದ್ದೂ ಆಗಲೇ.

ಕಾಂಕ್ರೀಟು ಒಡೆಯಬೇಕೆಂದರೆ ಪಕ್ಕದ ಮನೆಯವರ ಒಪ್ಪಿಗೆ ಬೇಕಿತ್ತು. ಓಣಿ ಇಬ್ಬರಿಗೂ ಸೇರಿದ ದಾರಿ. ಪಕ್ಕದಲ್ಲಿರುವವರು ಎಂಬತ್ತು ದಾಟಿದ ಹಿರಿಯ ಹೆಂಗಸು, ಒಬ್ಬರೇ ಇರುತ್ತಾರೆ. ಹೋಗಿ ಕೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಕಾಂಕ್ರೀಟು ಹಾಕಿದ್ದು ನನ್ನ ಗಂಡ. ಎಪ್ಪತ್ತರ ದಶಕದಲ್ಲಿ. ಐಸ್ ಕಟ್ಟಿದಾಗ ಕಲ್ಲಿನ ಮೇಲೆ ನಾನು ಜಾರಿ ಬಿದ್ದಿದ್ದೆ, ಮತ್ತೆ ಬೀಳಬಾರದೆಂದು ಒಂದು ಶನಿವಾರ ಪೂರ್ತಿ ಕೂತು ಮಾಡಿದರು” ಎಂದರು.

ನಾನು ಆ ದಿನ ಮುಂದೇನೂ ಕೇಳದೆ ಬಂದೆ. ಅವರ ಭಯ ಜಾರುವುದರದು, ಅದಕ್ಕೆ ಉತ್ತರ ಕೊಡದೆ ನಮ್ಮ ಗೋಡೆಯ ಕತೆ ಹೇಳುವುದು ಸರಿಯಲ್ಲ ಅನಿಸಿತು. ಮತ್ತೆ ಹೋದಾಗ ಒಂದು ಕಾಗದದಲ್ಲಿ ಎಲ್ಲ ಬರೆದುಕೊಂಡು ಹೋದೆ. ಖರ್ಚು ಪೂರ್ತಿ ನಮ್ಮದು, ಹಾಸುವುದು ಒರಟು ಮುಖದ ಕಲ್ಲು, ಅವರ ಹಿತ್ತಲ ಬಾಗಿಲವರೆಗೆ ಹಿಡಿದು ನಡೆಯಲು ಕಬ್ಬಿಣದ ಹಿಡಿಕಂಬಿ, ಕೆಲಸ ನಡೆಯುವಷ್ಟು ದಿನ ಅವರ ಕಸದ ಬಿನ್ನನ್ನು ನಾವೇ ಮುಂದಕ್ಕೆ ತಂದಿಡುವುದು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಮಾಡಿದರು. “ಹಿಡಿಕಂಬಿಯನ್ನು ನನ್ನ ಗಂಡನೂ ಒಪ್ಪುತ್ತಿದ್ದರು” ಎಂದರು. ಪಾರ್ಟಿ ವಾಲ್ ಕಾನೂನು 1996ರದು, ಎರಡು ಮನೆಗೆ ಸೇರಿದ ಗೋಡೆಗೆ ಕೈ ಹಚ್ಚುವುದಾದರೆ ಎರಡು ತಿಂಗಳು ಮುಂಚೆ ಲಿಖಿತ ನೋಟಿಸ್ ಕೊಡಬೇಕು. ನಮ್ಮ ಈ ಕೆಲಸಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ಆದರೂ ಬಾಯಿಮಾತಿನ ಒಪ್ಪಿಗೆಗಿಂತ ಬರೆದ ಕಾಗದ ಇಬ್ಬರಿಗೂ ನೆಮ್ಮದಿ ಕೊಡುತ್ತದೆ, ಹೊಸ ಊರಿನಲ್ಲಂತೂ.

2023ರ ಮೇ ತಿಂಗಳಲ್ಲಿ ಕೆಲಸ ಶುರುವಾಯಿತು. ಮೊದಲು ದೋಣಿಯ ಕೂಡುಗಂಟು ಸರಿಮಾಡಿಸಿದೆವು. ಮುನ್ನೂರು ಪೌಂಡ್ ಒಳಗೇ ಮುಗಿದ ಆ ಕೆಲಸವೇ ಮೂಲೆಯ ಒದ್ದೆಗೆ ಮುಕ್ಕಾಲು ಪಾಲು ಮದ್ದು. ಆಮೇಲೆ ಕಾಂಕ್ರೀಟು ಒಡೆದು, ಮಣ್ಣು ತಗ್ಗಿಸಿ, ಕಲ್ಲು ಹಾಸಿಸಿ, ಗೋಡೆಗುಂಟ ಒಂದಡಿ ಅಗಲ ಜಲ್ಲಿ ತುಂಬಿಸಿದೆವು. ಕಾಂಕ್ರೀಟಿನ ಅಡಿಯಲ್ಲಿ ಮೊದಲಿನ ಕಲ್ಲುಹಾಸು ಹಾಗೇ ಇತ್ತು, ಅದರಲ್ಲೇ ಒಳ್ಳೆಯವನ್ನು ಆರಿಸಿ ಮುಖ ಒರಟಾಗಿಸಿ ಮತ್ತೆ ಬಳಸಿದರು. ಹೂತಿದ್ದ ಸ್ಲೇಟಿನ ಗೆರೆ ಬೆಳಕಿಗೆ ಬಂತು.

ಸುಣ್ಣದ ಕೆಲಸಕ್ಕೆ ಆಳು ಸಿಗುವುದೇ ಕಷ್ಟ. ಸಿಕ್ಕವರು ನಲವತ್ತರ ಆಸುಪಾಸಿನ ಒಬ್ಬ ಮೇಸ್ತ್ರಿ, ಹಳೇ ಚರ್ಚುಗಳ ಕೆಲಸ ಮಾಡಿದವರು. ಅವರನ್ನು ಆರಿಸಿಕೊಳ್ಳಲು ನನಗೆ ಒಂದೇ ಕಾರಣ ಸಾಕಾಯಿತು. ಬಂದವರೇ ಮನೆಯೊಳಗೆ ಕಾಲಿಡದೆ ಹೊರಗಿನ ಗೋಡೆಯ ಮುಂದೆ ನಿಂತು, ಮೇಲಿನಿಂದ ಕೆಳಗಿನವರೆಗೆ ನೋಡಿ, ಉಗುರಿನಿಂದ ಸಂದು ಕೆರೆದರು.

ಸಿಮೆಂಟ್ ತೆಗೆಯುವುದನ್ನು ನಾನು ರಜೆ ಹಾಕಿ ಕೂತು ನೋಡಿದೆ. ಗರಗಸದ ಯಂತ್ರ ಹಚ್ಚಿದರೆ ಬೇಗ ಆಗುತ್ತದೆ, ಆದರೆ ಬ್ಲೇಡು ಇಟ್ಟಿಗೆಯ ಅಂಚನ್ನೂ ತಿನ್ನುತ್ತದೆ. ಅವರು ಕಿರಿದಾದ ಉಳಿಯನ್ನು ಸಂದಿನ ನಡುವೆ ಇಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ, ಸಿಮೆಂಟು ಸಡಿಲವಾದ ಕ್ಷಣ ಉಳಿಯನ್ನು ಓರೆ ಮಾಡಿ ಎಬ್ಬಿಸುತ್ತಿದ್ದರು. ಅದರ ಹಿಂದೆ ಮೂಲದ ಗಾರೆ ಕಾಣುತ್ತಿತ್ತು, ಬೂದಿ ಬಣ್ಣ, ನಡುನಡುವೆ ಕಪ್ಪು ಚೂರು, ಕುಲುಮೆಯ ಬೂದಿ ಬೆರೆಸಿದ್ದರಂತೆ. ಮುಟ್ಟಿದರೆ ಒದ್ದೆ. ಸಿಮೆಂಟಿನ ಹಿಂದೆ ಕೂಡಿಬಿದ್ದಿದ್ದ ನೀರು. ಒಂದಿಂಚು ಆಳದವರೆಗೆ ಕೆರೆದು, ಬ್ರಷ್ ಹಾಕಿ, ನೀರು ಚಿಮುಕಿಸಿ ಎರಡು ದಿನ ಬಿಟ್ಟರು. ಮೈಸಡಿಲವಾದ ಇಟ್ಟಿಗೆಗಳನ್ನು ತೆಗೆದು ಹಳೇ ಇಟ್ಟಿಗೆಗಳನ್ನೇ ಹುಡುಕಿ ತಂದರು. ಈಗಿನ ಇಟ್ಟಿಗೆಯ ಎತ್ತರ 65 ಮಿಲಿಮೀಟರ್, ನಮ್ಮದು ಮೂರಿಂಚಿನ ಹತ್ತಿರ, ಹೊಸದಿಟ್ಟರೆ ವರಸೆ ಕೂಡುವುದಿಲ್ಲ.

ಗಾರೆ ಎಂದರೆ ಒಂದು ಪಾಲು ಎನ್‌ಎಚ್‌ಎಲ್ 3.5 ಎಂಬ, ನೀರಿನೊಂದಿಗೆ ಬಿಗಿಯುವ ದರ್ಜೆಯ ಸುಣ್ಣ, ಎರಡೂವರೆ ಪಾಲು ಒರಟು ಮರಳು. ಸಂದನ್ನು ಹಸಿ ಮಾಡಿ, ಕಿರುಗರಣೆಯಿಂದ ಗಾರೆಯನ್ನು ಒಳಕ್ಕೆ ಒತ್ತಿ ಒತ್ತಿ ತುಂಬುತ್ತಾರೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳದಷ್ಟು ಬಿಗಿದ ಮೇಲೆ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಅದರ ಮುಖಕ್ಕೆ ಕುಟ್ಟುತ್ತಾರೆ. ಮೇಲಿನ ನಯವಾದ ಪೊರೆ ಒಡೆದು ಮರಳಿನ ಕಾಳು ಕಾಣಬೇಕು, ಆಗಲೇ ಅದರೊಳಗಿನಿಂದ ತೇವ ಹೊರಗೆ ಹೋಗುವುದು. ಈ ಸುಣ್ಣ ಮೊದಲು ನೀರಿನೊಂದಿಗೆ ಬಿಗಿದು, ಆಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮೆಲ್ಲನೆ ಮತ್ತೆ ಕಲ್ಲಾಗುವ ವಸ್ತು. ಬೇಗ ಒಣಗಿದರೆ ಪುಡಿಯಾಗುತ್ತದೆ, 5 ಡಿಗ್ರಿಗಿಂತ ಚಳಿಯಾದರೆ ಹಾಳಾಗುತ್ತದೆ. ಅದಕ್ಕೇ ಗೋಡೆಗೆ ಒದ್ದೆ ಗೋಣಿತಾಟು ಇಳಿಬಿಟ್ಟು, ಬೆಳಿಗ್ಗೆ ಸಂಜೆ ನೀರು ಚಿಮುಕಿಸುವ ಕೆಲಸ ನಮಗೆ ಬಿತ್ತು. ಇವರು ಆಫೀಸಿನ ಮೀಟಿಂಗ್ ಮುಗಿದ ಕೂಡಲೇ ಸ್ಪ್ರೇ ಕ್ಯಾನ್ ಹಿಡಿದು ಓಣಿಗೆ ಓಡುತ್ತಿದ್ದರು. ಕನ್ನಡಕ, ಕೈಗವಸು ಮರೆಯಬಾರದು. ಹಸಿ ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ.

ಒಳಗೆ ಸೊಂಟದೆತ್ತರದವರೆಗೆ ಉಪ್ಪು ಹಿಡಿದ ಜಿಪ್ಸಂ ಗಿಲಾವನ್ನು ಪೂರ್ತಿ ತೆಗೆಸಿದೆವು. ಅದರ ಮೇಲ್ಭಾಗದಲ್ಲಿ ಮೂಲದ ಸುಣ್ಣದ ಗಿಲಾವು ಉಳಿದಿತ್ತು. ಒಡೆದ ಅಂಚಿನಲ್ಲಿ ಕಂದು ಕೂದಲಿನ ಎಳೆಗಳು. ಬಿರುಕು ಬಿಡದಿರಲಿ ಎಂದು ಆಗ ದನದ, ಕುದುರೆಯ ಕೂದಲು ಬೆರೆಸುತ್ತಿದ್ದರು. ಗೋಡೆ ಬೆತ್ತಲಾಗಿಯೇ ಮುಂದಿನ ಚಳಿಗಾಲ ಕಳೆಯಿತು. ಒಂದಿಂಚು ಗೋಡೆ ಒಣಗಲು ಒಂದು ತಿಂಗಳು ಎಂಬುದು ಇಲ್ಲಿನವರ ಅಂದಾಜು, ಹಾಗಾದರೆ ನಮ್ಮದಕ್ಕೆ ಒಂಬತ್ತು ತಿಂಗಳು. ಬರಿಯ ಇಟ್ಟಿಗೆಯ ಮುಂದೆ ಸೋಫಾ ಇಟ್ಟುಕೊಂಡು ಕೂರುವುದು ಕೆಲವು ಅತಿಥಿಗಳಿಗೆ ವಿಚಿತ್ರ ಕಂಡಿರಬೇಕು. ನನಗೆ ಅದು ಹೆಮ್ಮೆಯ ಗೋಡೆ. 2024ರ ಬೇಸಿಗೆಯಲ್ಲಿ ಮತ್ತೆ ಪುಡಿ ತೆಗೆದು ತೂಗಿದಾಗ ಎರಡೂ ಜಾಗ ಒಣಗಿದ್ದವು. ಆಮೇಲೆಯೇ ಸುಣ್ಣದ ಗಿಲಾವು ಹಾಕಿಸಿ ಸುಣ್ಣ ಬಳಿದದ್ದು. ಪ್ಲಾಸ್ಟಿಕ್ಕಿನಂಥ ವಿನೈಲ್ ಬಣ್ಣ ಬಳಿದರೆ ಇಷ್ಟೂ ಕೆಲಸ ನೀರುಪಾಲು. ಎಲ್ಲ ಸೇರಿ ಆದ ಖರ್ಚು ಆ ಕಂಪನಿ ಕೇಳಿದ್ದಕ್ಕಿಂತ ಸುಮಾರು ಸಾವಿರ ಪೌಂಡ್ ಹೆಚ್ಚು. ಆದರೆ ಅದರಲ್ಲಿ ಓಣಿ ಸರಿಯಾಯಿತು, ದೋಣಿ ಸರಿಯಾಯಿತು, ತೊಲೆಗಳು ಉಳಿದವು, ಪಕ್ಕದ ಮನೆಯ ಗೋಡೆಯ ಕಪ್ಪೂ ಮಾಯವಾಯಿತು.

ನಮ್ಮ ಬದುಕಿನ ರೀತಿಯಿಂದಲೂ ಗೋಡೆ ಒದ್ದೆಯಾಗುತ್ತದೆ, ಅದನ್ನೂ ಹೇಳಬೇಕು. ಕೋಣೆ 20 ಡಿಗ್ರಿ, ಆರ್ದ್ರತೆ 60% ಇದ್ದರೆ, 12 ಡಿಗ್ರಿಗೆ ಇಳಿದ ಯಾವ ಮೇಲ್ಮೈ ಮೇಲಾದರೂ ನೀರು ಕೂರುತ್ತದೆ. ಚಳಿಗಾಲದಲ್ಲಿ ಕಿಟಕಿಯ ಗಾಜು, ಬೀರುವಿನ ಹಿಂದಿನ ಗೋಡೆ, ಹಾಸಿಗೆಯ ತಲೆದೆಸೆಯ ಮೂಲೆ ಅಷ್ಟು ತಣ್ಣಗಿರುತ್ತವೆ. ರೇಡಿಯೇಟರ್ ಮೇಲೆ ಬಟ್ಟೆ ಒಣಹಾಕುವುದು, ಮುಚ್ಚಳವಿಲ್ಲದೆ ಬೇಯಿಸುವುದು, ಚಳಿಯೆಂದು ಕಿಟಕಿಯೇ ತೆರೆಯದಿರುವುದು, ಬೂಷ್ಟಿಗೆ ಇಷ್ಟು ಸಾಕು. ನಿಯಮದ ಪ್ರಕಾರ ಬಚ್ಚಲಿನ ಫ್ಯಾನು ಸೆಕೆಂಡಿಗೆ 15 ಲೀಟರ್ ಗಾಳಿ ಎಳೆಯಬೇಕು, ಒಲೆಯ ಮೇಲಿನದು 30. ಹೊಗೆ ಹೊರಗೆ ಹೋಗದೆ ಒಳಗೇ ಸುತ್ತುವಂಥ ಅಡುಗೆ ಫ್ಯಾನು ಹಾಕಿದ್ದರೆ ಬದಲಿಸಿಕೊಳ್ಳಿ. ಹತ್ತು ಪೌಂಡಿನ ಆರ್ದ್ರತೆ ಮೀಟರ್ ಒಂದನ್ನು ಕೋಣೆಯಲ್ಲಿಟ್ಟರೆ ಯಾವಾಗ ಕಿಟಕಿ ತೆರೆಯಬೇಕೆಂದು ಮಕ್ಕಳಿಗೂ ತಿಳಿಯುತ್ತದೆ.

ಈಗ ಬಾಕಿ ಇರುವುದು ಹಿಂದಿನ ಅಡುಗೆಮನೆಯ ನೆಲ. ಕಲ್ಲುಹಾಸು ಕಿತ್ತು ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಂಕ್ರೀಟು ಹಾಕಿದ್ದಾರೆ. ಮೇಲೆ ಬರಲಾಗದ ತೇವ ಅಕ್ಕಪಕ್ಕದ ಗೋಡೆಗಳ ಬುಡಕ್ಕೆ ಸರಿಯುತ್ತಿದೆ ಎಂಬುದು ನನ್ನ ಅನುಮಾನ. ಅಗೆದು, ಸುಣ್ಣ ಬೆರೆಸಿದ ನೆಲ ಹಾಕಿಸೋಣ ಎನ್ನುತ್ತೇನೆ ನಾನು. ಇವರು ಒಪ್ಪಿಲ್ಲ. “ಹೋದ ಸಲ ಅಳೆದು ನೋಡಿದ್ದು ನೀನೇ ಅಲ್ವಾ? ಇದನ್ನೂ ಅಳೆದು ತೋರಿಸು, ಆಮೇಲೆ ಮಾತಾಡೋಣ” ಎನ್ನುತ್ತಾರೆ. ಅವರು ಹೇಳುವುದು ಸರಿ. ನವೆಂಬರಿನ ಮಳೆ ಶುರುವಾದ ಮೇಲೆ ಡ್ರಿಲ್ ಹೊರತೆಗೆಯುತ್ತೇನೆ.